ಬಂಡೆಯ ನಾಡಿ ಹಿಡಿದ ಮೇಷ್ಟ್ರು

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನ ತೋಟಕ್ಕೇ ನೀರಿಲ್ಲವೆಂದರೆ ಅದು ಶಾಸ್ತ್ರಕ್ಕೇ ಅವಮಾನವೆಂದು ನಾನು ತಿಳಿದಿದ್ದೆ. ಬಾಳೂರಿನ ನಮ್ಮ ರೋಬಸ್ಟಾ ಕಾಫಿ ಗಿಡಗಳಲ್ಲಿ ಮೊಗ್ಗು ಕಟ್ಟಿ ಕೂತಿತ್ತು. ಅದನ್ನು ಅರಳಿಸುವ ಹೂಮಳೆಯ ಸುಳಿವಿಲ್ಲ. ಈ ವಾರ ನೀರು ಕೊಡದಿದ್ದರೆ ಮೊಗ್ಗು ಕರಟಿ, ಮುಂದಿನ ಫಸಲಿಗೆ ಎಳ್ಳುನೀರು! ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

“ತೆಂಗಿನಕಾಯಿ ಹಿಡ್ದು ಬೋರ್‌ವೆಲ್ ಪಾಯಿಂಟ್ ನೋಡೋರನ್ನ ಕರೆಸಿ ಅಂದ್ರೆ ಕೇಳಲ್ಲ” ಎಂದಳು ಹೆಂಡತಿ ಶಾರದೆ.

“ತೆಂಗಿನಕಾಯಿ ಚಟ್ನಿಗೆ! ನೀರಿಗೆ ವಿಜ್ಞಾನ ಇದೆ ಕಣೇ.”

ವಿಜ್ಞಾನ ಇಷ್ಟೇ. ಸುತ್ತಿಗೆಯ ಪೆಟ್ಟಿನ ಅಲೆ ಗಟ್ಟಿ ಬಂಡೆಯಲ್ಲಿ ಬೇಗ ಓಡುತ್ತದೆ, ಸಣ್ಣ ಸಣ್ಣ ತೂತುಗಳಿರುವ ಕಲ್ಲಿನಲ್ಲಿ ನಿಧಾನ. ಆ ತೂತುಗಳಲ್ಲಿ ನೀರಿದ್ದರೆ ಕರೆಂಟು ಸಲೀಸಾಗಿ ಹರಿಯುತ್ತದೆ. ಎರಡನ್ನೂ ಗಂಟು ಹಾಕಿದರೆ ನೆಲದಡಿಯ ಗುಟ್ಟು ರಟ್ಟು!

ನಾನು ಕಬ್ಬಿಣದ ಹಲಗೆಯ ಮೇಲೆ ಸುತ್ತಿಗೆ ಬಡಿದೆ. ಶಾರದೆ ದೂರದಲ್ಲಿ ಮೊಬೈಲನ್ನು ನೆಲಕ್ಕೊತ್ತಿ ಶಬ್ದ ಹಿಡಿದಳು. ಒಂದು ಪೆಟ್ಟು ಹೆಬ್ಬೆರಳಿಗೆ ಬಿತ್ತು. ಮೊಬೈಲಿನಲ್ಲಿ ಸ್ಪಷ್ಟವಾಗಿ ದಾಖಲಾದದ್ದು ಆಗಿನ ನನ್ನ ಕೂಗೊಂದೇ! ಆಮೇಲೆ ಜೀಪಿನ ಬ್ಯಾಟರಿಯಿಂದ ನೆಲಕ್ಕೆ ಕರೆಂಟು ಹರಿಸಿದೆ. ನೆಲ ಕುಡಿಯಿತು, ಜೀಪು ಸತ್ತಿತು.

ಆದರೂ ತೋಟದ ಕೆಳಮೂಲೆಯಲ್ಲಿ ಪವಾಡವೇ ನಡೆಯಿತು. ಅಲೆ ನಿಧಾನ, ಕರೆಂಟು ಸರಾಗ! ಎರಡು ಸಾಕ್ಷಿಗಳೂ ಒಂದೇ ಮಾತು ಹೇಳಿದ ಮೇಲೆ ಇನ್ನೇನು? ಬೋರ್ ಲಾರಿ ಬಂತು. ಪಕ್ಕದ ತೋಟದ ಮಂಜೇಗೌಡರೂ ನೋಡಲು ಬಂದರು. ಯಂತ್ರ ಗುಡುಗಿತು. ಭುಸ್ಸೆಂದು ಕಪ್ಪು ಕೆಸರು ಚಿಮ್ಮಿ ನನ್ನನ್ನು ಅಡಿಯಿಂದ ಮುಡಿಯವರೆಗೆ ತೋಯಿಸಿತು. ಆ ನಾತ!

ಶಾರದೆ ಮೂಗಿಗೆ ಸೆರಗು ಒತ್ತಿಕೊಂಡಳು. “ರೀ, ಇದು ಪಲ್ಪರ್ ಗುಂಡಿ! ಕೊಳೆತ ಕಾಫಿ ಸಿಪ್ಪೆ, ಗಲೀಜು ನೀರು ಬಿಡ್ತಿದ್ದದ್ದು ಇಲ್ಲೇ ಅಲ್ವಾ? ನೀವೇ ನಿಂತು ಮುಚ್ಚಿಸಿದ್ರಲ್ರೀ!”

ಹೌದು. ಮೆತ್ತಗಿತ್ತು, ಒದ್ದೆಯಾಗಿತ್ತು. ವಿಜ್ಞಾನ ಸುಳ್ಳು ಹೇಳಿರಲಿಲ್ಲ. ಇನ್ನೂ ಕೆಳಗೆ ಕೊರೆದರೆ ಬರೀ ಒಣ ಬಂಡೆ, ಬಿಳಿ ಪುಡಿ. ನನಗೆ ಅಳುವೇ ಬಂತು.

ಗೌಡರು ಗಾಳಿ ಬೀಸುವ ದಿಕ್ಕು ನೋಡಿಕೊಂಡು ನಿಂತರು. “ಎಂತ ಮಾರಾಯ್ರೇ, ನಮ್ಮ ಕೆರೇಲಿ ನೀರಿದೆ. ಪೈಪ್ ಎಳ್ಕೊಳ್ಳಿ. ಮೊದ್ಲೇ ಕೇಳಬಾರದಿತ್ತಾ?”

“ನಿಮ್ಮ ಕೆರೇಲಿ ನೀರಿರೋದು ಗೊತ್ತಾಗ್ಲಿಲ್ಲ ಗೌಡ್ರೇ.”

“ನಿಮ್ಮ ಜಗುಲೀಲಿ ಕೂತ್ರೆ ಕಾಣ್ಸುತ್ತಲ್ಲ ಮೇಷ್ಟ್ರೇ!”

ಕೂತಿದ್ದರೆ ತಾನೇ ಕಾಣುವುದು!

ಅಂತೂ ಗೌಡರ ನೀರಿನಲ್ಲಿ ಮೊಗ್ಗು ಉಳಿಯಿತು. ಹೂ ಅರಳಿ ಇಡೀ ತೋಟ ಘಮಘಮಿಸಿತು. ಸ್ಟಾಫ್ ರೂಮಿನಲ್ಲಿ ನನ್ನ ಅಕ್ಕಪಕ್ಕದ ಕುರ್ಚಿಗಳು ಮಾತ್ರ ಇನ್ನೂ ಖಾಲಿ.