ಮಾವನ ಸಂಧಾನ

ಕೆಲಸ ಕಳೆದುಕೊಂಡವರನ್ನು ಕಂಡರೆ ನನ್ನ ಸೋದರಮಾವನಿಗೆ ಆಗುವ ಖುಷಿ ಅಷ್ಟಿಷ್ಟಲ್ಲ! ತಪ್ಪು ತಿಳಿಯಬೇಡಿ. ಅವರನ್ನು ಮತ್ತೆ ಕೆಲಸಕ್ಕೆ ಸೇರಿಸುವ ಜಗಳ ಸಿಕ್ಕಿತಲ್ಲ ಎಂಬ ಖುಷಿ. ಭದ್ರಾವತಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕಾರ್ಮಿಕ ಸಂಘದ ಮುಖಂಡರು ಅವರು. ಅಲ್ಲಿ ಗಲಾಟೆ ಇಲ್ಲದ ದಿನ ನೆಂಟರ ಮನೆಗೆ ಬರುತ್ತಾರೆ!

ಒಮ್ಮೆ ವಿದ್ಯಾನಗರದ ನಮ್ಮ ಮನೆಗೆ ಬಂದಾಗ ಅಮ್ಮ ತಾನೇ ಪಾತ್ರೆ ತಿಕ್ಕುತ್ತಿದ್ದಳು.

"ಕೆಲಸದ ಗೌರಮ್ಮ ಎಲ್ಲಿ?"

"ಇನ್ಮೇಲೆ ಬರಲ್ಲ ಅಣ್ಣ."

ಅಷ್ಟು ಸಾಕಾಯಿತು! "ನೋಟಿಸ್ ಕೊಟ್ಟಿದ್ಯಾ? ಅವಳ ಮಾತು ಕೇಳಿದ್ಯಾ? ಹಂಗೆಲ್ಲ ತೆಗೆಯಕ್ಕೆ ಬರಲ್ಲ!"

ಅಮ್ಮ ಬಾಯಿ ತೆರೆಯುವ ಮೊದಲೇ ಸ್ಕೂಟರ್ ಹತ್ತಿ ಹೋಗಿ ಗೌರಮ್ಮನನ್ನು ಕರೆತಂದರು.

"ಧೈರ್ಯವಾಗಿ ಹೇಳಮ್ಮ, ಯಾಕೆ ಬಿಡಿಸಿದ್ರು?"

"ಅಯ್ಯೋ, ನಾನೇ ಬಿಟ್ಟಿದ್ದು ಸ್ವಾಮಿ! ಮಾಚೇನಹಳ್ಳಿ ಗಾರ್ಮೆಂಟ್ಸಿಗೆ ಸೇರ್ಕೊಂಡಿದೀನಿ."

ಮಾವ ಸೋಲೊಪ್ಪುವುದುಂಟೆ? ಕಾಫಿ ಹೀರಿ ಕೇಳಿದರು: "ಅಲ್ಲಿ ಯೂನಿಯನ್ ಇದೆಯಾ?"

ಕಳೆದ ವರ್ಷ ಅವರ ಕಾರ್ಖಾನೆಯ ಒಂದು ವಿಭಾಗವನ್ನು ಮುಚ್ಚುವುದೆಂದಾಯಿತು. ಕಾಯಂ ನೌಕರರನ್ನು ಮನೆಗೆ ಕಳಿಸದೆ ಬೇರೆ ವಿಭಾಗಕ್ಕೆ ಹಾಕುವ ಒಪ್ಪಂದ ಸಿದ್ಧವಾಯಿತು. ಸಹಿಯೊಂದೇ ಬಾಕಿ. ಮಾವ ಪೆನ್ನಿನ ಮುಚ್ಚಳ ಹಾಕಿಬಿಟ್ಟರು.

"ಗುತ್ತಿಗೆಯೋರು?"

"ಅವರು ನಿಮ್ಮ ಸಂಘದಲ್ಲೇ ಇಲ್ವಲ್ಲ!" ಎಂದರು ಅಧಿಕಾರಿ.

"ಕ್ಯಾಂಟೀನಲ್ಲಿ ನಮಗೆ ಬಡಿಸ್ತಾ ಇದ್ದಾರಲ್ಲ ಸ್ವಾಮಿ! ಅವರನ್ನ ಮನೆಗೆ ಕಳಿಸಕ್ಕೆ ಸಹಿ ಹಾಕಿ, ಯಾವ ಮುಖ ಇಟ್ಕೊಂಡು ಇಡ್ಲಿಗೆ ತಟ್ಟೆ ಹಿಡೀಲಿ?"

ಸಂಘದವರೇ ಕಂಗಾಲಾದರು. "ಅವರಿಗೋಸ್ಕರ ನಮ್ಮ ಕೆಲಸಾನೂ ಹೋದ್ರೆ?" ಎಂದು ಒಬ್ಬ ರೇಗಿದ. "ಹೋಗೋದಾದ್ರೆ ನಂದೇ ಮೊದಲು ಹೋಗ್ಲಿ ಬಿಡೋ ಮಾರಾಯ," ಎಂದರು ಮಾವ. ಮಾತುಕತೆ ಎಳೆಯಿತು. ಅಧಿಕಾರಿಗಳು ನಷ್ಟದ ಲೆಕ್ಕ ಓದತೊಡಗಿದರೆ ಮಾವ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರಂತೆ! ಎಬ್ಬಿಸಿದರೆ, "ಹೂಂ, ಗುತ್ತಿಗೆಯೋರು?" ಮತ್ತೆ ಲೆಕ್ಕ, ಮತ್ತೆ ಗೊರಕೆ, ಮತ್ತೆ ಅದೇ ಪ್ರಶ್ನೆ! ಇಂಥವರ ಜೊತೆ ಯಾರು ತಾನೇ ವಾದ ಮಾಡಬಲ್ಲರು? ಕೊನೆಗೆ ಗುತ್ತಿಗೆಯವರನ್ನೂ ಉಳಿಸಿಕೊಳ್ಳುವುದೆಂದು ಒಪ್ಪಂದಕ್ಕೆ ಸೇರಿಸಿದರು.

ಗೇಟಿನ ಹೊರಗೆ ಕಾಯುತ್ತಿದ್ದ ಜನ ಮಾವನನ್ನು ಹೆಗಲ ಮೇಲೆ ಹೊತ್ತು ಜೈಕಾರ ಹಾಕಿದರು. ಮುಖಂಡರು ಮೇಲಿನಿಂದ ಕೊಟ್ಟ ಐತಿಹಾಸಿಕ ಭಾಷಣ ಇಷ್ಟೇ: "ಇಳಿಸ್ರೋ ಮಾರಾಯ್ರಾ, ಪ್ಯಾಂಟ್ ಜಾರ್ತಿದೆ!"

ಆ ರಾತ್ರಿ ನಮ್ಮ ಮನೆಯಲ್ಲೇ ಉಳಿದಿದ್ದ ಅವರನ್ನು ಮರುದಿನ ಬೆಳಿಗ್ಗೆ ನಾನೇ ಬೈಕಿನಲ್ಲಿ ಕಾರ್ಖಾನೆಗೆ ಬಿಡಲು ಹೋಗಿದ್ದೆ. ಪಾಳಿಯ ಹೊತ್ತಾಗಿತ್ತು. ಮಾವ ಮಾತ್ರ ಒಳಗೆ ಹೋಗದೆ ಗೇಟಿನ ಪಕ್ಕ ನಿಂತು, ಗುತ್ತಿಗೆಯವರು ಒಬ್ಬೊಬ್ಬರಾಗಿ ಒಳಗೆ ಹೋಗುವುದನ್ನೇ ನೋಡುತ್ತಿದ್ದರು. ಕಾಲು ಬದಲಿಸಿದರು, ರಸ್ತೆಯತ್ತ ಇಣುಕಿದರು. ಕಡೆಗೆ ಕ್ಯಾಂಟೀನಿನ ಸೆಲ್ವಿ ಆತುರಾತುರವಾಗಿ ಓಡಿಬಂದಳು.

"ಏನಣ್ಣ, ಇನ್ನೂ ಒಳಗೆ ಹೋಗಿಲ್ವಾ ನೀವು?"

ಮಾವನ ಕಣ್ಣು ತುಂಬಿತ್ತು. ಮುಖ ಆಚೆ ತಿರುಗಿಸಿ, ದಾರಿ ಬಿಟ್ಟು ನಿಂತರು.

"ನೀನು ಮೊದಲು ಹೋಗು ತಾಯಿ. ನಾನು ಬರ್ತೀನಿ."