ಪರಮಣ್ಣನ ಹಾಲಿಲ್ಲದ ಮ್ಯಾಕ್ರೋನಿ

ಶಹಾಪುರದ ಕಾಲುವೆ ಕಚೇರಿಯ ಗುಮಾಸ್ತ ಪರಮಣ್ಣನಿಗೆ ಭಾನುವಾರ ಏಳುತ್ತಲೇ ಘನವಾದ ವಿಚಾರವೊಂದು ಹೊಳೆಯಿತು. (ಹೀಗೆ ಹೊಳೆದಾಗಲೆಲ್ಲ ಹೆಂಡತಿ ರತ್ನಾಬಾಯಿ ಗಾಜಿನ ಸಾಮಾನನ್ನು ಮೇಲಿನ ಹಲಗೆಗೆ ಏರಿಸಿಬಿಡುತ್ತಾಳೆ.)

"ಇವತ್ತ ಅಡಿಗಿ ನಂದು. ನೀ ಒಳಗ ಕಾಲಿಡಬ್ಯಾಡ" ಅಂದ.

"ಏನ್ ಮಾಡೋರದೀರಿ?"

"ಚೀಜ್ ಮ್ಯಾಕ್ರೋನಿ. ಹಾಲಿಲ್ಲ, ಬೆಣ್ಣಿ ಇಲ್ಲ, ಚೀಜೂ ಇಲ್ಲ."

"ಮತ್ತೇನ್ ಉಳೀತ್ರಿ? ಹೆಸರಷ್ಟ ತಿನಬೇಕೇನು?"

ಹೆಂಡತಿಯ ಕುಹಕಕ್ಕೆ ಜಗ್ಗುವ ಆಸಾಮಿ ಅವನಲ್ಲ. ಎಂಟು ವರ್ಷದ ಮಗಳು ಮೋನಿಗೆ ಹಾಲಿನದೇನೂ ಒಗ್ಗದು. ತಪ್ಪಿ ಒಂದು ಗುಟುಕು ಮಜ್ಜಿಗೆ ಹೋದರೂ ಮೈತುಂಬ ದದ್ದು. ಮೊನ್ನೆ ಗೆಳತಿಯ ಹುಟ್ಟುಹಬ್ಬದಲ್ಲಿ ಮಕ್ಕಳೆಲ್ಲ ಚೀಜ್ ಮ್ಯಾಕ್ರೋನಿ ಮುಕ್ಕುವಾಗ ಇವಳು ಒಂದು ಮೂಲೆಯಲ್ಲಿ ಕೂತು, ಮನೆಯಿಂದ ಒಯ್ದ ಚುರುಮುರಿ ತಿಂದು ಬಂದಿದ್ದಳು. ಅತ್ತಿದ್ದರೆ ಪರಮಣ್ಣ ಹೇಗೋ ತಡೆದುಕೊಳ್ಳುತ್ತಿದ್ದ. ಅಳದೆ, "ನನಗ ರೂಢಿ ಆಗ್ಯಾದಪ್ಪಾ" ಅಂದಿದ್ದಳು. ಎಲ್ಲರ ನಡುವೆ ಕೂತು, ಎಲ್ಲರಿಗೂ ಬಡಿಸಿದ್ದನ್ನೇ ತನ್ನ ಮಗಳೂ ಉಣ್ಣಬೇಕು. ಅವನಿಗೆ ಬೇಕಾದದ್ದು ಅಷ್ಟೇ.

ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಪಾಕಯಜ್ಞ ಆರಂಭವಾಯಿತು. ಬೇಯಿಸಿದ ಆಲೂಗಡ್ಡೆ, ಗಜ್ಜರಿ, ನೆನೆಸಿದ ಗೋಡಂಬಿ, ಬೆಳ್ಳುಳ್ಳಿ, ಚಿಟಿಕೆ ಅರಿಶಿನ, ಎಲ್ಲ ಮಿಕ್ಸರಿಗೆ ಬಿತ್ತು. ಮುಚ್ಚಳ ಹಾಕುವುದನ್ನು ಮೊಬೈಲಿನವರು ಹೇಳಿರಲಿಲ್ಲ. ಗೋಡೆ, ಕ್ಯಾಲೆಂಡರು, ಪರಮಣ್ಣನ ಹುಬ್ಬು, ಮೂರೂ ಹಳದಿಯಾದವು.

ಕೆಂಭಾವಿಯಿಂದ ಬಂದಿದ್ದ ಅವನ ತಾಯಿ ಲಾಲಮ್ಮ ಬಾಗಿಲಲ್ಲಿ ನಿಂತು ಮ್ಯಾಕ್ರೋನಿ ಬುಗುಬುಗು ಕುದಿಯುವ ಪಾತ್ರೆ ನೋಡಿದಳು. "ಯಪ್ಪಾ, ಹೊಲಕ್ಕ ನೀರ ಬಿಡೋ ಪೈಪ ಕಡದು ಕುದಸಾಕತ್ತಿ ಏನೋ?"

"ಉಂಡ ಮ್ಯಾಲ ಮಾತಾಡಬೇ."

ಎರಡನೇ ಸಲ ಮುಚ್ಚಳ ಹಾಕಿ ರುಬ್ಬಿ, ನಿಂಬೆ ಹಿಂಡಿ, ಮ್ಯಾಕ್ರೋನಿ ಬೆರೆಸಿದಾಗ ಕಡಾಯಿಯಲ್ಲಿ ನುಣ್ಣನೆಯ ಬಂಗಾರ ಬಣ್ಣದ ಪದಾರ್ಥ ಸಿದ್ಧವಾಗಿತ್ತು. ರುಚಿಯೂ ಚಲೋ ಇತ್ತು, ಅದೇ ಆಶ್ಚರ್ಯ. ತನ್ನ ಕೈಯಿಂದಲೇ ಬಡಿಸಬೇಕೆಂದು ಪರಮಣ್ಣ ಮುಖ ತೊಳೆದು, ಇಸ್ತ್ರಿಯ ಅಂಗಿ ತೊಟ್ಟು ಬಂದ.

ಪಡಸಾಲೆಯಲ್ಲಿ ಮೂವರೂ ಸಾಲಾಗಿ ಕೂತಿದ್ದರು, ನಡುವೆ ಮೋನಿ. ಲಾಲಮ್ಮನ ಪಕ್ಕದಲ್ಲಿ ಅವಳ ತುಪ್ಪದ ಗಿಂಡಿ. ಕಡಾಯಿಯಲ್ಲಿ ಎಷ್ಟಿದೆ ಎಂದೂ ನೋಡದೆ ಪರಮಣ್ಣ ಅದನ್ನು ತಂದು ಎದುರಿಗಿಟ್ಟ. ಈಗ ಪರಮಣ್ಣನ ಬಲಗೈಯ ವಿಷಯ ಹೇಳಲೇಬೇಕು. ಬಳಗದಲ್ಲಿ ಯಾರದೇ ಮದುವೆಯಾಗಲಿ, ಊಟದ ಸಾಲಿಗೆ ತುಪ್ಪ ನೀಡುವ ಹಕ್ಕು ಅವನದು. ಜಿಪುಣತನ ಮಾಡದ ಕೈ ಎಂದು ಸುರಪುರದ ಬೀಗರೂ ಹೊಗಳಿದ್ದಾರೆ. ಜನ ಸಾಲಾಗಿ ಕೂತಿದ್ದಾರೆ, ಬಿಸಿ ಅಡುಗೆ ಆವಿಯಾಡುತ್ತಿದೆ; ಆ ಕೈ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಗಿಂಡಿ ಎತ್ತಿ ಕಡಾಯಿಯ ತುಂಬ ಧಾರೆ ಎರೆಯಿತು.

ತಾಟಿನ ಮೇಲಿದ್ದ ಮೋನಿಯ ಕೈ ಮೆಲ್ಲಗೆ ಹಿಂದೆ ಸರಿಯಿತು. ಪರಮಣ್ಣನಿಗೆ ನೆಲ ಬಾಯಿ ತೆರೆದರೆ ಸಾಕೆನಿಸಿತು. ಇಡೀ ಊರು ಮರೆಯಬಹುದು, ಹೆತ್ತ ಅಪ್ಪ ಮರೆಯಬಹುದೆ?

ರತ್ನಾಬಾಯಿ ಎದ್ದು ಒಳಗೆ ಹೋಗಿ, ಮುಚ್ಚಿಟ್ಟ ದೊಡ್ಡ ಪಾತ್ರೆ ತಂದು ನಡುವೆ ಇಟ್ಟಳು. ಅದರ ತುಂಬ ಅದೇ ಮ್ಯಾಕ್ರೋನಿ.

"ನೀವು ಅಂಗಿ ಹಾಕ್ಕೊಳ್ಳಾಗ ತಗದಿಟ್ಟೀನಿ. ಕಡಾಯಿದಾಗ ನಿಮ್ಮ ಪಾಲಷ್ಟ ಬಿಟ್ಟೀನಿ. ಸಾಲಾಗಿ ಮಂದಿ ಕುಂತ್ರ ನಿಮ್ಮ ಕೈ ಎಲ್ಲಿಗೆ ಹೋಗ್ತದ ಅಂತ ನನಗ ಗೊತ್ತಿಲ್ಲೇನ್ರಿ?"

ಪರಮಣ್ಣನಿಗೆ ಹೆಂಡತಿಯ ಕಾಲು ಹಿಡಿಯುವಷ್ಟು ಪ್ರೀತಿ ಉಕ್ಕಿತು. (ಹಿಡಿಯಲಿಲ್ಲ, ತಾಯಿ ಎದುರಿಗಿದ್ದಳು.) ತನ್ನ ಕಡಾಯಿ ಎತ್ತಿಕೊಂಡು ಮಗಳ ಪಕ್ಕ ಕೂರಲು ಬಂದ.

"ಇಲ್ಲಿ ಬ್ಯಾಡಪ್ಪಾ, ನಿಂದರಾಗ ತುಪ್ಪ ಅದ" ಅಂದಳು ಮೋನಿ, ಬಾಯಿತುಂಬ ಮ್ಯಾಕ್ರೋನಿ ತುಂಬಿಕೊಂಡು. "ನೀ ಆ ಮೂಲ್ಯಾಗ ಕುಂಡ್ರು."

ಯಜಮಾನ ಇಸ್ತ್ರಿಯ ಅಂಗಿಯಲ್ಲಿ ಮೂಲೆಗೆ ಹೋಗಿ ಗೋಡೆಗೆ ಒರಗಿ ಕೂತ. ಅತ್ತ ಅಜ್ಜಿ, ಅವ್ವ, ಮಗಳು ಒಂದೇ ಪಾತ್ರೆಗೆ ಸೌಟು ಹಾಕಿ ಬಡಿಸಿಕೊಂಡು ನಗುತ್ತಿದ್ದರು. ಅವನು ತುತ್ತೆತ್ತದೆ ಅವರನ್ನೇ ನೋಡುತ್ತಿದ್ದ.

ಮೋನಿಗೆ ಅಪ್ಪನ ಮೇಲೆ ಕನಿಕರ ಹುಟ್ಟಿತು.

"ಬ್ಯಾಸರ ಮಾಡ್ಕೋಬ್ಯಾಡಪ್ಪಾ, ಉಣ್ಣು" ಅಂದಳು. "ಹೊಸದಕ್ಕ ಹಂಗ ಅನಸ್ತದ. ಆಮ್ಯಾಲ ರೂಢಿ ಆಗ್ತದ."