ಬೀರಣ್ಣನ ಪರವಾಗಿ ನಾನು ಗೆದ್ದ ವಾದ

ಕೆಲವರಿಗೆ ಎದುರು ಸಿಕ್ಕವರ ಜಾತಕ ಕೇಳುವ ಚಟ, ಕೆಲವರಿಗೆ ಸಂಬಳ ಕೇಳುವ ಚಟ. ನನಗಿರುವುದು ಪೌರನೀತಿ ಕೇಳುವ ಚಟ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರನ್ನು, ಪಾಯಸ ಬರುವುದರೊಳಗೆ, ‘ರಾಜ್ಯಪಾಲರನ್ನು ನೇಮಿಸುವವರು ಯಾರು ಹೇಳಿ ನೋಡೋಣ’ ಎಂದು ಕೇಳಿಬಿಡುತ್ತೇನೆ. ಅವರು ಗಾಬರಿಯಿಂದ ಪಾಯಸದವನನ್ನು ಕೂಗಿ ಕರೆಯುತ್ತಾರೆ. ಓದುವ ದಿನಗಳಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದವಳು. ಗೆದ್ದು ತಂದ ಕಪ್ಪುಗಳು ಇನ್ನೂ ಮನೆಯಲ್ಲಿವೆ; ದೊಡ್ಡದೊಂದರಲ್ಲಿ ಆಯಿ, ಎಂದರೆ ನನ್ನ ಅಮ್ಮ, ಸೂಜಿ, ದಾರ, ಕಿತ್ತುಹೋದ ಗುಂಡಿಗಳನ್ನು ಹಾಕಿಟ್ಟಿದ್ದಾಳೆ. ಈಗ ಕಾರವಾರದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಬಂದಾಗ ಯಾರೂ ಕೂರಿ ಎನ್ನದ, ಹೊರಟಾಗ ಯಾರೂ ನಿಲ್ಲಿ ಎನ್ನದ ಅತಿಥಿ. ಇಂಥ ಹುದ್ದೆಯಲ್ಲಿರುವವರಿಗೆ ಕೆಲಸಕ್ಕಿಂತ ಅಭಿಪ್ರಾಯ ಹೆಚ್ಚಿರುತ್ತದೆ. ಈ ದೇಶದ ಜನರಿಗೆ ತಮ್ಮ ದೇಶದ ಬಗ್ಗೆ ಏನೇನೂ ಗೊತ್ತಿಲ್ಲ, ಅದನ್ನು ಸಾಬೀತು ಮಾಡುವ ಹೊಣೆ ನನ್ನದು ಎಂದು ನಾನು ಬಹಳ ಕಾಲ ನಂಬಿದ್ದೆ.

ಪುರಾವೆಗೇನೂ ಬರಗಾಲವಿರಲಿಲ್ಲ. ನನ್ನ ಸೋದರಮಾವ ಕೈಗಾದಲ್ಲಿ ಎಂಜಿನಿಯರು, ವಾಸ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿ. ಪರಮಾಣು ಒಡೆಯುವುದು ಹೇಗೆಂಬುದನ್ನು ತಟ್ಟೆಯಲ್ಲಿರುವ ಇಡ್ಲಿಯಿಂದಲೇ ವಿವರಿಸಬಲ್ಲ ಬುದ್ಧಿವಂತ. ಅವನನ್ನು ಒಮ್ಮೆ, ಲೋಕಸಭೆಗೂ ರಾಜ್ಯಸಭೆಗೂ ಏನು ವ್ಯತ್ಯಾಸ ಎಂದು ಕೇಳಿದೆ. ಬಹಳ ಯೋಚಿಸಿ, ‘ಒಂದರ ಜಮಖಾನೆ ಹಸಿರು, ಇನ್ನೊಂದರದ್ದು ಕೆಂಪು’ ಎಂದ. ತಪ್ಪು ಎನ್ನುವಂತೆಯೂ ಇಲ್ಲ! ಇನ್ನೊಮ್ಮೆ ಅಂಕೋಲೆಯ ಬಸ್ಸಿನಲ್ಲಿ ಪಕ್ಕದಲ್ಲಿದ್ದ ಯಜಮಾನರೊಬ್ಬರನ್ನು ಉಪ್ಪಿನ ಸತ್ಯಾಗ್ರಹದ ಬಗ್ಗೆ ವಿಚಾರಿಸಿದೆ. ಅವರ ಎದೆ ಎರಡು ಅಂಗುಲ ಉಬ್ಬಿತು. ‘ನಮ್ಮ ಅಜ್ಜ ಜೈಲಿಗೇ ಹೋಗಿದ್ದ, ತಂಗಿ.’ ಯಾಕೆ ಎಂದೆ. ‘ಉಪ್ಪಿನ ಸಲುವಾಗಿ.’ ಉಪ್ಪಿಗೆ ಏನಾಗಿತ್ತು ಎಂದೆ. ‘ಕಡಿಮೆ ಆಗಿತ್ತೋ, ಹೆಚ್ಚಾಗಿತ್ತೋ, ಅದೆಲ್ಲ ಅಜ್ಜಂಗೇ ಗೊತ್ತು’ ಎಂದು ಕಿಟಕಿಯಾಚೆ ನೋಡತೊಡಗಿದರು. ಅಂಕೋಲೆಯ ಕಡೆ ಯಾರನ್ನು ಕೇಳಿದರೂ ಅವರ ಅಜ್ಜ ಜೈಲಿಗೆ ಹೋದವನೇ. ಈ ಅಜ್ಜಂದಿರೆಲ್ಲ ನಿಜವಾಗಿ ಹೋಗಿದ್ದರೆ ಬ್ರಿಟಿಷರು ಇಡೀ ತಾಲೂಕಿಗೇ ಕಾಂಪೌಂಡು ಹಾಕಿಸಬೇಕಾಗುತ್ತಿತ್ತು ಎಂದು ನಾನು ಕ್ಲಾಸಿನಲ್ಲಿ ನಗೆಯಾಡುತ್ತಿದ್ದೆ. ನಮ್ಮ ಅಜ್ಜನೂ ಹೋಗಿದ್ದನಂತೆ. ಆದರೆ ಅವನು ಹೋದದ್ದು ಅಲ್ಲಿಗೆ ಬಸಳೆ ಮಾರಲಿಕ್ಕೆ ಎಂದು ಈಚೆಗೆ ಆಯಿಯ ಬಾಯಿಂದ ತಿಳಿದ ಮೇಲೆ ಆ ನಗೆಯನ್ನು ಸ್ವಲ್ಪ ತಗ್ಗಿಸಿದ್ದೇನೆ.

ನನ್ನ ಪರೀಕ್ಷೆಯಲ್ಲಿ ಸಾರಾಸಗಟಾಗಿ ಸೊನ್ನೆ ತೆಗೆದವಳೆಂದರೆ ಶೇವಂತಕ್ಕ. ಕಾರವಾರಕ್ಕೂ ಅಂಕೋಲೆಗೂ ನಡುವಿರುವ ನಮ್ಮ ಊರಿನಲ್ಲಿ ಮನೆಮನೆಗೆ ಮೀನು ತರುವವಳು. ದಂಡೆಯ ಕಡೆ ಅವಳಿರುವ ಕೆಳಗಿನ ಕೇರಿ, ರಸ್ತೆಯ ಕಡೆ ನಮ್ಮ ಮನೆ, ನಡುವೆ ಒಂದು ಹಳ್ಳ. ಒಂದು ಬೆಳಿಗ್ಗೆ ಅವಳು ಬಂಗಡೆ ಎಣಿಸುತ್ತಿದ್ದಾಗ ರಾಷ್ಟ್ರಪತಿ ಯಾರು ಎಂದು ಕೇಳಿದೆ. ‘ನಮ್ಮ ಕೇರಿ ಬದಿಗೆ ಬಂದೋರಲ್ಲ’ ಎಂದಳು. ಸಂವಿಧಾನ ಅಂದರೇನು ಎಂದೆ. ‘ನಿಂಗೆ ಗೊತ್ತುಂಟೋ?’ ಗೊತ್ತುಂಟು ಎಂದೆ. ‘ಮತ್ತೆ ನನ್ನ ಎಂತಕ್ಕೆ ಕೇಳ್ತೆ? ಗೊತ್ತಿಲ್ಲದಿದ್ದೋರು ಕೇಳೂದು ನೋಡಿದ್ದೆ, ಗೊತ್ತಿದ್ದೋರು ಕೇಳೂದು ಇಲ್ಲೇ ನೋಡಿದ್ದು’ ಎಂದು ಎಣಿಕೆ ತಪ್ಪಿದ್ದಕ್ಕೆ ನನ್ನನ್ನೇ ಬೈದು, ಮತ್ತೆ ಒಂದರಿಂದ ಶುರುಮಾಡಿದಳು.

ಅವಳ ಚಿಂತೆ ಬೇರೆಯೇ ಇತ್ತು. ಹಳ್ಳ ದಾಟಲಿಕ್ಕಿದ್ದ ಹಲಗೆಯ ಸಂಕ ಎರಡು ವರ್ಷದ ಹಿಂದೆ ಕೊಚ್ಚಿಹೋಗಿ, ಈಗ ಅದರ ಬದಲು ಎರಡು ತೆಂಗಿನ ಮರ ಅಡ್ಡ ಹಾಕಿದ್ದಾರೆ. ಕಳೆದ ಮಳೆಗಾಲದಲ್ಲಿ ಅವಳು ಬುಟ್ಟಿಸಮೇತ ಜಾರಿದಳು. ‘ಬಂಗಡೆ ಎಲ್ಲ ಬಂದ ದಾರೀಲೇ ಸಮುದ್ರಕ್ಕೆ ಹೋದವು, ಟಿಕೇಟು ತೆಗೆಸೂದೂ ಬೇಕಾಗಲಿಲ್ಲ’ ಎಂದು ಅವಳು ನಗುತ್ತಾ ಹೇಳಿದರೂ, ಒಂದು ತಿಂಗಳು ಕುಂಟಿದ್ದನ್ನು ನಾವು ನೋಡಿದ್ದೆವು. ಸುತ್ತುಬಳಸಿ ಬಂದರೆ ಬುಟ್ಟಿ ಹೊತ್ತು ಮುಕ್ಕಾಲು ಗಂಟೆ. ಅಷ್ಟರಲ್ಲಿ ಸ್ಕೂಟರಿನವರು ಬಂದು ಎಲ್ಲ ಮನೆಗೂ ಮೀನು ಕೊಟ್ಟಾಗಿರುತ್ತದೆ. ಇನ್ನೊಮ್ಮೆ ಬಿದ್ದು ಮೊಣಕಾಲಿಗೆ ಪೆಟ್ಟಾದರೆ ಅವಳ ಕಸುಬೇ ಮುಗಿಯಿತು. ಈ ಮಳೆಗಾಲದೊಳಗೆ ಸಿಮೆಂಟಿನ ಸಂಕ ಆಗಲೇಬೇಕು. ಗ್ರಾಮಸಭೆ ಹತ್ತಿರ ಬಂದಿತ್ತು. ಈ ವರ್ಷ ಒಂದೇ ಕೆಲಸ ತೆಗೆದುಕೊಳ್ಳುತ್ತಾರಂತೆ ಎಂಬ ಸುದ್ದಿಯನ್ನು ಅವಳೇ ತಂದಿದ್ದಳು.

‘ನಾನು ಮಾತಾಡುತ್ತೇನೆ’ ಎಂದೆ.

ಅವಳು ಅನುಮಾನದಿಂದ ನೋಡಿದಳು. ‘ಸಂಕ ಬೇಕು, ಬರ್ಕೊಳ್ಳಿ ಅಂದ್ರೆ ಸಾಕು. ಅಷ್ಟು ನಂಗೂ ಬರ್ತದೆ.’

‘ಹಾಗಲ್ಲ ಶೇವಂತಕ್ಕ, ಅದನ್ನು ಮಂಡಿಸುವ ಕ್ರಮ ಒಂದಿದೆ.’

ಆಯಿ ಒಳಗಿನಿಂದಲೇ, ‘ಅವಳಿಗೆ ಬಿಡಬೇಡ ಶೇವಂತಿ, ಉಪ್ಪಿನಕಾಯಿ ಕೇಳಿದ್ರೆ ಮಾವಿನಮರದ ಚರಿತ್ರೆ ಹೇಳ್ತಾಳೆ’ ಎಂದಳು. ಮನೆಯಲ್ಲಿ ವಾಗ್ಮಿಗಳಿಗೆ ಗೌರವವಿಲ್ಲದಿರುವುದು ಇತಿಹಾಸದಲ್ಲಿ ಹೊಸದೇನಲ್ಲ. ನಾನು ಮೂರು ದಿನ ತಯಾರಿ ಮಾಡಿದೆ. ಪಂಚಾಯತಿಗಳ ಬಗ್ಗೆ ಸಂವಿಧಾನ ಏನು ಹೇಳುತ್ತದೆ ಎಂಬುದನ್ನು ಅನುಚ್ಛೇದದ ಸಂಖ್ಯೆಸಮೇತ ಬಾಯಿಪಾಠ ಮಾಡಿದೆ. ಗ್ರಾಮಸಭೆಯೊಂದನ್ನು ಕಣ್ಣಾರೆ ನೋಡಿರಲಿಲ್ಲ, ಅಷ್ಟೇ.

ಸಭೆ ಶಾಲೆಯ ಜಗಲಿಯಲ್ಲಿ. ಶೇವಂತಕ್ಕ ತನ್ನ ಕೇರಿಯ ಹೆಂಗಸರೊಂದಿಗೆ ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಸಾಲು ಹಿಡಿದಿದ್ದಳು; ತಮ್ಮ ಪರ ಮಾತಾಡುವವಳೆಂದು ನನ್ನನ್ನೂ ಅಲ್ಲೇ ಕೂರಿಸಿದಳು. ಗಂಡಸರು ಬಂದವರು ಬಂದಂತೆ ಪುಸ್ತಕದಲ್ಲಿ ಸಹಿ ಹಾಕಿ, ಅರ್ಧ ಜನ ಹಾಗೇ ಹೊರಗೆ ಹೋಗಿ ಬೀಡಿ ಹಚ್ಚಿದರು. ಮೊದಲು ಎದ್ದವನು ಮೇಲಿನ ಕೇರಿಯ ಬೀರಣ್ಣ. ‘ನಮ್ಮ ಬಸ್‌ಸ್ಟಾಪಿಗೆ ಮಾಡು ಬೇಕು. ಮಳೆ ಬರ್ತದೆ. ಮತ್ತೆಂತ ಇಲ್ಲ’ ಎಂದು ಕೂತ. ಇಷ್ಟು ಬಡಕಲು ವಾದವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಇದನ್ನು ಸೋಲಿಸುವುದರಲ್ಲಿ ಏನು ಗೌರವ?

ಇಲ್ಲಿ ನನ್ನ ಗುರುಗಳನ್ನು ನೆನೆಯಬೇಕು. ಚರ್ಚೆ ಕಲಿಸಿದ ಆ ಮಹನೀಯರು ಹೇಳುತ್ತಿದ್ದರು: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ನೀನೇ ಹೇಳು, ಆಮೇಲೆ ‘ಆದರೆ’ ಎಂದು ಒಡೆ. ತೀರ್ಪುಗಾರರು ಅಲ್ಲಿಗೇ ಶರಣಾಗುತ್ತಾರೆ. ನಾನು ಎದ್ದು ಸೆರಗು ಸರಿಪಡಿಸಿಕೊಂಡು ಹಾಗೆಯೇ ಮಾಡಿದೆ. ಬೀರಣ್ಣನವರು ಹೇಳಿದ್ದು ಸಾಧಾರಣ ಮಾತಲ್ಲ ಎಂದು ಆರಂಭಿಸಿದೆ. ಒದ್ದೆ ಪಾಟಿಚೀಲ ತಬ್ಬಿಕೊಂಡು ನಿಂತ ಮಕ್ಕಳನ್ನು ವರ್ಣಿಸಿದೆ. ಶಿಕ್ಷಣದ ಹಕ್ಕೆಂದರೆ ಶಾಲೆಯ ಒಳಗೆ ಮಾತ್ರವಲ್ಲ, ಶಾಲೆಗೆ ಹೋಗುವ ಬಸ್ಸು ಕಾಯುವ ಜಾಗದಿಂದಲೇ ಶುರುವಾಗುತ್ತದೆ ಎಂದೆ. ಆಸ್ಪತ್ರೆಗೆ ಹೊರಟ ಗರ್ಭಿಣಿಯೊಬ್ಬಳನ್ನು ಅದೇ ಮಳೆಯಲ್ಲಿ ತಂದು ನಿಲ್ಲಿಸಿದೆ. ಮುದುಕನೊಬ್ಬನ ಕೈಯಿಂದ ಕೊಡೆ ಹಾರಿಸಿದೆ. ಬೀಡಿಯವರೆಲ್ಲ ಒಳಗೆ ಬಂದರು. ಬೀರಣ್ಣ ಟವೆಲಿನಿಂದ ಕಣ್ಣೊರೆಸಿಕೊಂಡ. ತನ್ನ ಬಸ್‌ಸ್ಟಾಪಿನಲ್ಲಿ ಇಷ್ಟೆಲ್ಲ ನಡೆಯುತ್ತಿದ್ದದ್ದು ಅವನಿಗೆ ಆಗಲೇ ತಿಳಿದದ್ದು. ನಾನು ಉಸಿರೆಳೆದು, ಬೆರಳೆತ್ತಿ, ‘ಆದರೆ…’ ಎಂದೆ.

ಚಪ್ಪಾಳೆ ಬಿತ್ತು. ಅದೇ ಹೊತ್ತಿಗೆ ಚಹಾ, ಅವಲಕ್ಕಿ ಬಂತು. ಪಂಚಾಯತಿ ಅಧ್ಯಕ್ಷೆ, ‘ಕೆಳಗಿನ ಕೇರಿಯ ಪರವಾಗಿ ಬಂದವರೇ ಮೇಲಿನ ಕೇರಿಗೆ ಬಿಟ್ಟುಕೊಟ್ರು. ಹೀಗಿರಬೇಕು’ ಎಂದು, ‘ಠರಾವು ಬರ್ಕೊಳ್ಳಿ’ ಎಂದು ಕಾರ್ಯದರ್ಶಿಗೆ ಹೇಳಿದರು. ನಾನು ‘ಆದರೆ, ಆದರೆ’ ಎನ್ನುತ್ತಲೇ ಇದ್ದೆ. ಯಾರೋ ನನ್ನ ಕೈಗೆ ಚಹಾದ ಲೋಟ ಕೊಟ್ಟರು. ಚರ್ಚಾಸ್ಪರ್ಧೆಯಲ್ಲಿ ‘ಆದರೆ’ಯ ತನಕ ಅವಲಕ್ಕಿಯನ್ನು ತಡೆಹಿಡಿಯುವ ವ್ಯವಸ್ಥೆ ಇರುತ್ತದೆ. ಪ್ರಜಾಪ್ರಭುತ್ವದಲ್ಲಿ ಇಲ್ಲ.

ಶೇವಂತಕ್ಕ ಚಹಾ ಮುಟ್ಟಲಿಲ್ಲ. ಸಹಿಯ ಪುಸ್ತಕ ಮುಂದಿನ ಸಾಲಿಗೆ ಬಂದಾಗ ಅದನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. ‘ಬರ್ದದ್ದು ಓದಿ ಹೇಳಿ ಸಾಯ್ಬ್ರೆ. ಓದದೆ ನಾವು ಸಹಿ ಹಾಕೂದಿಲ್ಲ.’ ಕಾರ್ಯದರ್ಶಿ ಬಸ್‌ಸ್ಟಾಪಿನ ಠರಾವು ಓದಿದರು. ‘ಸಂಕ ಎಲ್ಲುಂಟು?’ ಎಂದಳು. ಅದರ ಬಗ್ಗೆ ಯಾರೂ ಕೇಳಲಿಲ್ಲವಲ್ಲ ಎಂದರು ಅವರು. ಅದು ಅಪ್ಪಟ ಸತ್ಯ. ‘ಈ ತಂಗಿ ಕೇಳೂದ್ರೊಳಗೆ ನೀವು ಚಾ ತಂದ್ರಿ. ಈಗ ನಾ ಕೇಳ್ತೆ. ಈ ವರ್ಷ ಆಗೂದಿಲ್ಲ ಅಂದ್ರೆ ಮುಂದಿನ ವರ್ಷದ ಮೊದಲ ಕೆಲಸ ಅಂತ ಬರೀರಿ. ಹೆಂಗಸರು ಇಷ್ಟು ಜನ ಎದ್ದು ಹೋದ್ರೆ ನಿಮ್ಮ ಸಭೆ ಸಭೆ ಆಗ್ತದೋ ಇಲ್ಲೋ, ನೋಡ್ಕಳ್ಳಿ.’ ಕಾರ್ಯದರ್ಶಿ ಅಧ್ಯಕ್ಷೆಯ ಮುಖ ನೋಡಿದರು. ಅಧ್ಯಕ್ಷೆ ಮುಂದಿನ ಸಾಲನ್ನು ತಲೆ ಎಣಿಸಿದರು. ಕಾರ್ಯದರ್ಶಿ ಬರೆದರು. ಶೇವಂತಕ್ಕ ಇನ್ನೊಮ್ಮೆ ಓದಿಸಿ, ನನ್ನ ಪೆನ್ನನ್ನೇ ಇಸಿದುಕೊಂಡು, ನಿಧಾನವಾಗಿ ತನ್ನ ಹೆಸರು ಗೀಚಿದಳು. ಸಭೆಗೆ ಕೋರಂ ಎಂಬುದೊಂದಿದೆ ಎಂದು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳಬಹುದೆಂದು ಗೊತ್ತಿರಲಿಲ್ಲ.

ಹೊರಗೆ ಬಂದಾಗ ನಾನು ಗುರುಗಳ ಸೂತ್ರವನ್ನು ವಿವರಿಸಿ ಕ್ಷಮೆ ಕೇಳಿದೆ. ಅವಳು ಪೂರ್ತಿ ಕೇಳಿದಳು. ‘ಮುಂದಿನ ವರ್ಷ ಸಂಕ ಆಗ್ತದೆ. ಈ ಮಳೆಗೆ ನನ್ನ ಮೊಣಕಾಲು ನೀನೇ. ಬೆಳಿಗ್ಗೆ ಆರಕ್ಕೆ ಬಾ’ ಎಂದಳು. ನಾನು ಮನೆ ಸೇರುವ ಹೊತ್ತಿಗೆ ಸುದ್ದಿ ಮುಟ್ಟಿ, ಆಯಿ ಅದಕ್ಕೆ ಆಗಲೇ ಒಪ್ಪಿಯಾಗಿತ್ತು.

ಈಗ ಜಡಿಮಳೆ. ದಿನಾ ಬೆಳಿಗ್ಗೆ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ತೆಂಗಿನ ಮರದ ಮೇಲೆ ಹಳ್ಳ ದಾಟುತ್ತಾಳೆ. ಹಿಂದೆ ಬರಿಗೈಯಲ್ಲಿ ಶೇವಂತಕ್ಕ. ಮೊದಲ ದಿನ ನಡುಮಧ್ಯದಲ್ಲಿ, ದುಡಿಮೆಯ ಈ ಹಂಚಿಕೆ ನ್ಯಾಯವೇ ಎಂಬ ಪ್ರಶ್ನೆಯನ್ನು ಎತ್ತಿದೆ. ‘ಬಾಯಿ ಮುಚ್ಕ, ಕಾಲು ನೋಡ್ಕ. ನೀ ಮಾತಾಡಿದ್ರೆ ಮರ ಅಲ್ಲಾಡ್ತದೆ’ ಎಂದಳು. ಮಾತಿಗೂ ಮರದ ಅಲ್ಲಾಟಕ್ಕೂ ಕಾರ್ಯಕಾರಣ ಸಂಬಂಧವಿದೆ ಎಂಬುದಕ್ಕೆ ಆಧಾರವಿಲ್ಲ. ಅದನ್ನು ಖಂಡಿಸುವ ಮೂರು ವಾದಗಳು ನನ್ನ ಬಳಿ ಸಿದ್ಧವಾಗಿವೆ. ಆಚೆ ದಡ ಸೇರಿದ ಮೇಲೆ ಹೇಳೋಣವೆಂದು ದಿನವೂ ಅಂದುಕೊಳ್ಳುತ್ತೇನೆ. ಸೇರಿದೊಡನೆ ಅವಳು ಬುಟ್ಟಿ ಇಳಿಸಿಕೊಂಡು, ಬಂಗಡೆ ಎಲ್ಲ ಸರಿಯಾಗಿವೆಯೇ ಎಂದು ನೋಡಿ, ‘ನಾಳೆ ಐದು ನಿಮಿಷ ಮೊದಲೇ ಬಾ’ ಎಂದು ಹೊರಟುಬಿಡುತ್ತಾಳೆ.